ವರ್ಜೀನಿಯಾದ ಹಳೆಯ ಪೂರ್ವಜರನ್ನು ಜಮೀನು, ಕೋರ್ಟು ಕಾಗದಗಳಲ್ಲಿ ಹುಡುಕುವ ಬಗೆ

ಅಮೆರಿಕದ ಹಳೆಯ ಮನೆತನಗಳ ಜೊತೆ ಬೀಗತನ ಬೆಳೆಸಿದ ಕನ್ನಡಿಗರು ಈಗ ಕಡಿಮೆಯೇನಲ್ಲ. ಮಕ್ಕಳಿಗಾಗಿ ಆ ಕಡೆಯ ವಂಶವೃಕ್ಷ ಬರೆಯಲು ಕೂತರೆ 1850ರ ತನಕ ಹಾದಿ ಸಲೀಸು. ಆ ವರ್ಷದ ಜನಗಣತಿಯಲ್ಲಿ ಗುಲಾಮರನ್ನು ಬಿಟ್ಟು ಮನೆಯ ಎಲ್ಲರ ಹೆಸರೂ ಸಿಗುತ್ತದೆ. ಅದಕ್ಕೂ ಹಿಂದೆ ಮನೆ ಯಜಮಾನನ ಹೆಸರೊಂದೇ. ವರ್ಜೀನಿಯಾದಲ್ಲಿ 1790 ಮತ್ತು 1800ರ ಗಣತಿ ಹಾಳೆಗಳೇ ಬಹುತೇಕ ಉಳಿದಿಲ್ಲ. ಸರ್ಕಾರ ಜನನ ಮರಣ ದಾಖಲಿಸಲು ಶುರು ಮಾಡಿದ್ದು 1853ರಲ್ಲಿ. ಹಾಗಾಗಿ 1700ರ ಆಸುಪಾಸಿನವರ ವಿಷಯದಲ್ಲಿ ಕೈಹಿಡಿಯುವುದು ಕ್ರಯಪತ್ರ, ಉಯಿಲು, ಕೋರ್ಟಿನ ಪುಸ್ತಕಗಳು. ಹದಿಮೂರು ವಸಾಹತುಗಳ ಪದ್ಧತಿ ಒಂದೇ ಅಲ್ಲ. ಇಲ್ಲಿ ಹೇಳುವುದು ವರ್ಜೀನಿಯಾದ್ದು ಮಾತ್ರ.

ಮೊದಲು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗ, ಯಾವುದೆಂದು ಗೊತ್ತಾಗಬೇಕು. ಕೌಂಟಿಗಳು ಒಡೆಯುತ್ತಲೇ ಹೋದವು. ಸ್ಪಾಟ್ಸಿಲ್ವೇನಿಯಾದಿಂದ 1734ರಲ್ಲಿ ಆರೆಂಜ್ ಬೇರೆಯಾಯಿತು; ಆರೆಂಜ್‌ನಿಂದ ಅಗಸ್ಟಾ ಕೌಂಟಿ ಮಾಡುವ ಕಾನೂನು 1738ರಲ್ಲಿ ಬಂದರೂ ಅಲ್ಲಿ ಕೋರ್ಟು ಕೂತದ್ದು 1745ರಲ್ಲಿ. ಅಲ್ಲಿಯವರೆಗೆ ಅಗಸ್ಟಾದವರ ಕಾಗದಗಳೆಲ್ಲ ಆರೆಂಜ್‌ನಲ್ಲೇ. ತನ್ನ ಹೊಲ ಬಿಟ್ಟು ಕದಲದವನ ಹೆಸರೂ ಎರಡು ಮೂರು ಕೋರ್ಟುಗಳಲ್ಲಿ ಸಿಗುವುದು ಇದರಿಂದಲೇ. ಯಾವ ವರ್ಷ ಗಡಿ ಎಲ್ಲಿತ್ತೆಂದು ತೋರಿಸುವ ಚಾರಿತ್ರಿಕ ನಕ್ಷೆಗಳನ್ನು ಷಿಕಾಗೋದ ನ್ಯೂಬೆರಿ ಲೈಬ್ರರಿ ಉಚಿತವಾಗಿ ಕೊಡುತ್ತದೆ. ಅದನ್ನು ನೋಡದೆ ಇಂಡೆಕ್ಸ್ ತೆರೆಯಬೇಡಿ.

ಸರ್ಕಾರದಿಂದ ಮೊದಲ ಬಾರಿಗೆ ಜಮೀನು ಸಿಕ್ಕ ಕಾಗದ ಪೇಟೆಂಟ್. ಇವೆಲ್ಲ ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿವೆ, ಅದರ ವೆಬ್‌ಸೈಟಿನಲ್ಲಿ ಮೂಲ ಪುಟಗಳ ಚಿತ್ರವನ್ನೇ ನೋಡಬಹುದು. ಪೊಟೋಮ್ಯಾಕ್ ಮತ್ತು ರ‍್ಯಾಪಹ್ಯಾನಕ್ ನದಿಗಳ ನಡುವಿನ ನಾರ್ದರ್ನ್ ನೆಕ್ ಪ್ರದೇಶ ಫೇರ್‌ಫ್ಯಾಕ್ಸ್ ಮನೆತನದ ಹಿಡಿತಕ್ಕೆ ಬಂದಿತ್ತು. ಅದರ ಪುಸ್ತಕಗಳು ಬೇರೆ, ಅಲ್ಲೂ ಹುಡುಕಬೇಕು. 17ನೇ ಶತಮಾನದಲ್ಲಿ ಹಡಗಿನ ಖರ್ಚು ಕೊಟ್ಟು ಒಬ್ಬರನ್ನು ಕರೆತಂದರೆ 50 ಎಕರೆ ಸಿಗುತ್ತಿತ್ತು; ಇದೇ ಹೆಡ್‌ರೈಟ್. ಕರೆತಂದವರ ಹೆಸರುಗಳನ್ನು ಪೇಟೆಂಟಿನಲ್ಲಿ ಬರೆಯುತ್ತಿದ್ದರು. 1635ರ ಅಂಥದೊಂದು ಪಟ್ಟಿಯಲ್ಲಿ ‘ಈಸ್ಟ್ ಇಂಡಿಯನ್’ ಟೋನಿ ಎಂಬೊಬ್ಬನಿದ್ದಾನೆ, ಜಾರ್ಜ್ ಮೆನೆಫಿ ಎಂಬ ಜಮೀನುದಾರ ಕರೆತಂದವನು. ನಮ್ಮ ಕಡೆಯವರು ಆ ನೆಲ ತುಳಿದದ್ದು ಅಷ್ಟು ಹಿಂದೆ! ಆದರೆ ಪೇಟೆಂಟಿನ ತಾರೀಖನ್ನು ಬಂದಿಳಿದ ತಾರೀಖು ಎಂದು ಬರೆದುಕೊಳ್ಳಬೇಡಿ. ಹೆಡ್‌ರೈಟ್‌ಗಳನ್ನು ಮಾರುತ್ತಿದ್ದರು, ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು, ಒಬ್ಬನದೇ ಹೆಸರಲ್ಲಿ ಎರಡು ಸಲ ಜಮೀನು ಹೊಡೆದವರೂ ಇದ್ದಾರೆ.

ಆಮೇಲಿನ ಕೊಡುಕೊಳ್ಳುವಿಕೆಯೆಲ್ಲ ಕೌಂಟಿಯ ಡೀಡ್ ಬುಕ್‌ನಲ್ಲಿ. ಮಾರಿದವರದೊಂದು ಇಂಡೆಕ್ಸ್, ಕೊಂಡವರದೊಂದು. ಎರಡನ್ನೂ ನೋಡಿ, ಆ ಉಪನಾಮದ ಎಲ್ಲರನ್ನೂ ಬರೆದುಕೊಳ್ಳಿ. ಒಂದೇ ಕೌಂಟಿಯಲ್ಲಿ ಮೂವರು ಜಾನ್ ಸ್ಮಿತ್ ಇದ್ದರೆ ಅವರನ್ನು ಬೇರ್ಪಡಿಸುವುದು ಹೆಸರಲ್ಲ, ಹೊಲ. ಆದ್ದರಿಂದ ಪ್ರತಿ ತುಂಡು ಜಮೀನಿಗೂ ಹೇಗೆ ಬಂತು, ಹೇಗೆ ಹೋಯಿತು ಎಂದು ಎರಡು ಕಲಂ ಮಾಡಿ. ಕೊಂಡ ಪತ್ರವಿಲ್ಲದೆ ಒಬ್ಬ ಮಾರುತ್ತಿದ್ದಾನೆಂದರೆ ಅದು ಪಿತ್ರಾರ್ಜಿತವೋ, ಹೆಂಡತಿ ಕಡೆಯದೋ ಆಗಿರುವ ಸಂಭವ ಹೆಚ್ಚು. ಉಯಿಲಿಲ್ಲದೆ ಸತ್ತವನ ಜಮೀನು 1786ರ ಕೊನೆಯವರೆಗೆ ಹಿರಿಯ ಮಗನಿಗೇ. 1787ರಿಂದ ಮಕ್ಕಳಿಗೆಲ್ಲ ಸಮಪಾಲು. ಅಲ್ಲಿಂದಾಚೆಗಿನ ಪತ್ರಗಳಲ್ಲಿ ಹೆಣ್ಣುಮಕ್ಕಳು, ಅಳಿಯಂದಿರು, ಕೆಂಟಕಿಗೆ ಹೋಗಿ ನೆಲೆಸಿದ ಮಗ, ಎಲ್ಲರೂ ಸಹಿ ಹಾಕಿರುತ್ತಾರೆ; ಒಂದೇ ಪುಟದಲ್ಲಿ ಇಡೀ ಸಂಸಾರ.

ಬೆಲೆ ಐದು ಶಿಲ್ಲಿಂಗ್ ಎಂದು ಕಂಡರೆ ಜಮೀನು ಧರ್ಮಕ್ಕೆ ಹೋಯಿತೆಂದುಕೊಳ್ಳಬೇಡಿ. ಮೊದಲ ದಿನ ಒಂದು ವರ್ಷದ ಗುತ್ತಿಗೆ, ಮರುದಿನ ಪೂರ್ತಿ ಹಕ್ಕು ಬಿಟ್ಟುಕೊಡುವ ಪತ್ರ, ಹೀಗೆ ಎರಡು ಕಾಗದ ಮಾಡುವ ರೂಢಿಯಿತ್ತು. ನಿಜವಾದ ಬೆಲೆ ಎರಡನೆಯದರಲ್ಲಿ ಇರುತ್ತದೆ. ಗಂಡನ ಜಮೀನಿನ ಮೂರನೇ ಒಂದು ಪಾಲಿನ ಮೇಲೆ ವಿಧವೆಗೆ ಜೀವಮಾನದ ಹಕ್ಕಿತ್ತು. ಮಾರುವಾಗ ಹೆಂಡತಿಯನ್ನು ಬೇರೆ ಕರೆದು ಕೇಳಿ ಆ ಹಕ್ಕು ಬಿಡಿಸುತ್ತಿದ್ದರು. ಎಷ್ಟೋ ಹೆಂಗಸರ ಹೆಸರು ಬೇರೆಲ್ಲೂ ಇಲ್ಲ, ಅಲ್ಲಿದೆ.

ಚಕ್ಕುಬಂದಿ ಓದಿ ಬಲ್ಲವರಿಗೆ ಇಲ್ಲಿನ ಗಡಿ ವಿವರ ಹೊಸದಲ್ಲ. ಪಕ್ಕದವನ ಹೆಸರು, ಹಳ್ಳ, ಮರ ಇವೇ ಗುರುತು. ಜೊತೆಗೆ ದಿಕ್ಸೂಚಿಯ ಡಿಗ್ರಿ. ‘ಉತ್ತರಕ್ಕೆ 40 ಡಿಗ್ರಿ ಪೂರ್ವವಾಗಿ 96 ಪೋಲ್, ಬಿಳಿ ಓಕ್ ಮರದವರೆಗೆ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಪೋಲ್ ಎಂದರೆ 16.5 ಅಡಿ, ನಮ್ಮ ಗುಂಟೆಯ ಒಂದು ಬದಿಯ ಅರ್ಧ. ನಾಲ್ಕು ಚದರ ಪೋಲ್ ಸೇರಿದರೆ ಒಂದು ಗುಂಟೆ, 160 ಸೇರಿದರೆ ಎಕರೆ. 96 ಪೋಲ್ ಅಂದರೆ 1,584 ಅಡಿ. ಅಮೆರಿಕದ ಸರ್ವೆ ಇಲಾಖೆಯ 1:24,000 ನಕ್ಷೆಯ ಅಳತೆಯಲ್ಲಿ ಇದು ಸುಮಾರು 2 ಸೆಂಟಿಮೀಟರ್. ಟ್ರೇಸಿಂಗ್ ಹಾಳೆಯಲ್ಲಿ ಹೀಗೆ ಸಾಲು ಸಾಲಾಗಿ ಎಳೆದು ನಕ್ಷೆಯ ಮೇಲಿಟ್ಟು, ಹಳ್ಳದ ತಿರುವಿಗೆ ಹೊಂದಿಸಿ. ಆಗಿನ ದಿಕ್ಸೂಚಿಯ ಉತ್ತರ ಈಗಿನದಲ್ಲ, ಹಾಳೆಯನ್ನು ಕೆಲವು ಡಿಗ್ರಿ ತಿರುಗಿಸಬೇಕಾಗುತ್ತದೆ. ಕೊನೆಯ ಗೆರೆ ಶುರುವಿನ ಜಾಗಕ್ಕೆ ಬಂದು ಕೂಡದಿದ್ದರೆ ಗುಮಾಸ್ತ ಒಂದು ಸಾಲು ಬಿಟ್ಟಿದ್ದಾನೆ, ಇಲ್ಲವೇ ಉತ್ತರವನ್ನು ದಕ್ಷಿಣ ಮಾಡಿದ್ದಾನೆ. ಅದೇ ಜಮೀನಿನ ಹಿಂದಿನ ಪತ್ರ ನೋಡಿ ಸರಿಪಡಿಸಿ. ಇನ್ನೊಂದು ತೊಡಕು: ಹಳೆಯ ವಿವರವನ್ನೇ ನಕಲು ಮಾಡುವುದರಿಂದ ಪಕ್ಕದವನು ಸತ್ತು ದಶಕಗಳಾದರೂ ಗಡಿಯಲ್ಲಿ ಜೀವಂತವಾಗಿರುತ್ತಾನೆ.

ಕೋರ್ಟಿನ ಆರ್ಡರ್ ಬುಕ್‌ನಲ್ಲಿ ಒಂದೊಂದು ಸಾಲಿನ ನಮೂದುಗಳು: ಸಾಲದ ದಾವೆ, ರಸ್ತೆ ರಿಪೇರಿ, ತೆರಿಗೆ ವಿನಾಯಿತಿ. ಇಂಡೆಕ್ಸ್ ನಂಬಲಾಗದು, ಪುಟ ತಿರುವಲೇಬೇಕು. ತಂದೆ ಸತ್ತ ಹುಡುಗ 14 ತುಂಬಿದ ಮೇಲೆ ಪೋಷಕನನ್ನು ತಾನೇ ಆರಿಸಬಹುದಿತ್ತು. ಅಂಥ ನಮೂದು ಸಿಕ್ಕರೆ ಅವನ ವಯಸ್ಸಿನ ಅಂದಾಜು ಸಿಕ್ಕಿತು. ಪಾಲುಪಟ್ಟಿಯ ಜಗಳಗಳು ಚಾನ್ಸರಿ ಕೇಸುಗಳಾದವು, ಅಂದರೆ ಕಟ್ಟುನಿಟ್ಟಿನ ಕಾನೂನಿಗಿಂತ ನ್ಯಾಯಬುದ್ಧಿಯಿಂದ ತೀರ್ಮಾನಿಸುವ ಕೋರ್ಟಿನ ಕೇಸುಗಳು. ಅವುಗಳ ಇಂಡೆಕ್ಸೂ, ಎಷ್ಟೋ ಕೌಂಟಿಗಳ ಪೂರ್ತಿ ಕಡತಗಳೂ ಲೈಬ್ರರಿ ಆಫ್ ವರ್ಜೀನಿಯಾದ ವೆಬ್‌ಸೈಟಿನಲ್ಲಿ ಉಚಿತ. ಬೀಗರ ಮನೆಯವರು ಕಪ್ಪು ಅಮೆರಿಕನ್ನರಾದರೆ ಅವರ ಹಿರಿಯರು ಇಲ್ಲಿ ಹೆಚ್ಚಾಗಿ ಇನ್ನೊಬ್ಬರ ಆಸ್ತಿಯ ಪಟ್ಟಿಯಲ್ಲಿ, ಬೆಲೆಯ ಸಮೇತ ಕಾಣುತ್ತಾರೆ. ಓದುವುದು ಕಷ್ಟ, ಆದರೆ ಇರುವ ದಾರಿ ಅದೇ. ಯಜಮಾನನ ಉಯಿಲು, ದಾನಪತ್ರ, ಆಸ್ತಿಪಟ್ಟಿ ಮೂರನ್ನೂ ಹಿಡಿಯಿರಿ.

ತಾರೀಖಿನಲ್ಲಿ ಎಚ್ಚರ. 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ. 1731ರ ಡಿಸೆಂಬರ್‌ನಲ್ಲಿ ಬರೆದ ಉಯಿಲು 1731ರ ಫೆಬ್ರವರಿಯಲ್ಲಿ ಕೋರ್ಟಿಗೆ ಬಂದಿದ್ದರೆ ಅದರಲ್ಲಿ ತಪ್ಪಿಲ್ಲ. ಆ ಫೆಬ್ರವರಿ ಈಗಿನ ಲೆಕ್ಕದಲ್ಲಿ 1732. ನೀವು 1731/32 ಎಂದು ಬರೆದುಕೊಳ್ಳಿ. ಸೀನಿಯರ್, ಜೂನಿಯರ್ ಎಂದಾಕ್ಷಣ ಅಪ್ಪ ಮಗನಲ್ಲ. ಒಂದೇ ಊರಿನ ಹಿರಿಯ, ಕಿರಿಯ ಅಷ್ಟೇ ಇರಬಹುದು.

ಕೋರ್ಟೇ ಸುಟ್ಟುಹೋಗಿದ್ದರೆ? ಬಕಿಂಗ್ಹ್ಯಾಮ್ ಕೌಂಟಿಯ ಕಾಗದಗಳು 1869ರಲ್ಲಿ ಬೆಂಕಿಗೆ ಹೋದವು. ಹ್ಯಾನೋವರ್ ಕೌಂಟಿಯವು ಸುರಕ್ಷಿತವಾಗಿರಲಿ ಎಂದು ರಿಚ್ಮಂಡ್‌ಗೆ ಕಳಿಸಿದ್ದಕ್ಕೇ 1865ರಲ್ಲಿ ಬಹುಪಾಲು ಸುಟ್ಟವು. ಆಗ ಪೇಟೆಂಟುಗಳು, 1782ರಿಂದ ಶುರುವಾಗುವ ಜಮೀನು ತೆರಿಗೆ ಪಟ್ಟಿಗಳು, ಪಕ್ಕದ ಕೌಂಟಿಗಳ ಡೀಡ್ ಬುಕ್‌ಗಳು ಇವನ್ನು ಹಿಡಿಯಬೇಕು.

ಡೀಡ್ ಬುಕ್, ಆರ್ಡರ್ ಬುಕ್‌ಗಳ ಫಿಲ್ಮ್ ಚಿತ್ರಗಳು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತ. ಕೆಲವನ್ನು ಮಾತ್ರ ಅದರ ಕೇಂದ್ರಗಳಿಗೆ ಹೋಗಿ ನೋಡಬೇಕು. ಕೈಬರಹವನ್ನೇ ಓದಿ ಹುಡುಕಿಕೊಡುವ ಸೌಲಭ್ಯವೂ ಅಲ್ಲಿದೆ. ಅದು ಹಳೆಯ ಉದ್ದನೆಯ ಎಸ್ ಅಕ್ಷರವನ್ನು ಎಫ್ ಎಂದು ಓದುವುದುಂಟು, ಹಾಗಾಗಿ ಉಪನಾಮ ಸಿಗದಿದ್ದರೆ ಪಕ್ಕದ ಹೊಲದವನ ಹೆಸರು ಅಥವಾ ಹಳ್ಳದ ಹೆಸರು ಕೊಟ್ಟು ನೋಡಿ. ಸಿಕ್ಕ ಪ್ರತಿ ಚಿತ್ರದ ಜೊತೆ ಕೌಂಟಿ, ಪುಸ್ತಕದ ಸಂಖ್ಯೆ, ಪುಟ, ಬರೆದ ದಿನ, ಕೋರ್ಟಿನಲ್ಲಿ ದಾಖಲಾದ ದಿನ ಇಷ್ಟನ್ನು ಆಗಲೇ ಬರೆದಿಡಿ.