ಹತ್ತು ಮನೆಮಾತಿನ ಹೈಸ್ಕೂಲಿನಲ್ಲಿ ಸ್ಕೂಲ್ ಡೇ: ಯಾವ ಮಗುವೂ ಬಿಟ್ಟುಹೋಗದ ಹಾಗೆ ಮಾಡುವುದು ಹೇಗೆ?

ಪೀಣ್ಯ, ಬೊಮ್ಮನಹಳ್ಳಿ, ವೈಟ್‌ಫೀಲ್ಡ್ ಕಡೆಯ ಯಾವುದಾದರೂ ಸರ್ಕಾರಿ ಹೈಸ್ಕೂಲಿಗೆ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಹೋಗಿ, ಸಾಲಿನ ಹಿಂದೆ ಸುಮ್ನೆ ನಿಂತುಕೊಳ್ಳಿ. ಮಕ್ಕಳು ಪಿಸುಗುಡುವುದು ಕೇಳಿಸುತ್ತದೆ. ಯಾದಗಿರಿ ಕಡೆಯ ಕನ್ನಡ, ತಮಿಳು, ತೆಲುಗು, ದಖ್ಖನಿ, ಲಂಬಾಣಿ, ಭೋಜಪುರಿ, ಒಡಿಯಾ, ನೇಪಾಳಿ. ಅಪ್ಪ ಗಾರೆ ಕೆಲಸ, ಅಮ್ಮ ಗಾರ್ಮೆಂಟ್ಸ್, ಇಲ್ಲ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ. ಇಂಥದ್ದೇ ಒಂದು ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಸ್ಕೂಲ್ ಡೇ ಜವಾಬ್ದಾರಿಯೂ ನನ್ನ ಮೇಲೇ ಬೀಳುತ್ತದೆ. ನನ್ನ ಹಾಗೆ ಅದನ್ನು ಹೊತ್ತುಕೊಂಡಿರುವ ಟೀಚರ್‌ಗಳಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಯವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನನ್ನು ಕಾಡಿದ ವಿಷಯ ಹೇಳಿಬಿಡುತ್ತೇನೆ. ಪ್ರತಿ ವರ್ಷ ಅದೇ ಹತ್ತು ಮಕ್ಕಳು ವೇದಿಕೆ ಹತ್ತುತ್ತಾರೆ. ಚೆನ್ನಾಗಿ ಓದುವವರು, ಚೆನ್ನಾಗಿ ಮಾತಾಡುವವರು, ಡ್ಯಾನ್ಸ್ ಬರುವವರು. ಉಳಿದವರು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ. ಹಾಗಂತ ಅವರು ವರ್ಷವಿಡೀ ಏನೂ ಮಾಡಿರಲಿಲ್ಲವೇ? ಮಾಡಿರುತ್ತಾರೆ. ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ, ಅಷ್ಟೇ. ಅದಕ್ಕೇ ಸ್ಕೂಲ್ ಡೇ ಕೆಲಸವನ್ನು ಡಿಸೆಂಬರ್‌ನಲ್ಲಿ ಅಲ್ಲ, ಜೂನ್‌ನಲ್ಲಿ ಶುರು ಮಾಡಿ. ಅದಕ್ಕೆ ಬೇಕಾಗಿರುವುದು 200 ಪುಟದ ಒಂದು ಉದ್ದನೆ ನೋಟ್‌ಬುಕ್.

ಮನೆಮಾತು ಕೇಳಿಕೊಳ್ಳಿ

ದಾಖಲಾತಿ ಪುಸ್ತಕದ ಮಾತೃಭಾಷೆ ಕಾಲಂ ನಂಬಿಕೊಂಡು ಕೂರಬೇಡಿ. ಅಲ್ಲಿ ಲಂಬಾಣಿ ಮಕ್ಕಳೆಲ್ಲ 'ಕನ್ನಡ' ಆಗಿರುತ್ತಾರೆ. ಭೋಜಪುರಿ, ಮೈಥಿಲಿ, ನೇಪಾಳಿ ಎಲ್ಲವೂ ಸೇರಿ 'ಹಿಂದಿ' ಆಗಿರುತ್ತದೆ. ಹೆಸರು ನೋಡಿ ಊಹೆ ಮಾಡುವುದೂ ಬೇಡ. 'ನಿನ್ನ ಮಾತೃಭಾಷೆ ಯಾವುದು' ಅಂತ ಕೇಳಿದರೆ ಮಕ್ಕಳು ಟೀಚರ್‌ಗೆ ಯಾವುದು ಇಷ್ಟವೋ ಅದನ್ನೇ ಹೇಳುತ್ತಾರೆ. ನಾನು ಕೇಳುವುದು ಬೇರೆ: 'ಅಮ್ಮ ನಿನ್ನನ್ನ ಬೈಯೋದು ಯಾವ ಭಾಷೇಲಿ?' ಕ್ಲಾಸೆಲ್ಲ ನಗುತ್ತದೆ, ನಿಜವಾದ ಉತ್ತರ ಹೊರಗೆ ಬರುತ್ತದೆ. ಮೂರು ವರ್ಷ ನನ್ನ ಕಣ್ಣೆದುರೇ ಇದ್ದ ಹುಡುಗನೊಬ್ಬನ ಮನೆಮಾತು ಒಡಿಯಾ ಅಂತ ನನಗೆ ಗೊತ್ತಾಗಿದ್ದು ಹೀಗೇ.

ನೋಟ್‌ಬುಕ್‌ನಲ್ಲಿ ಪ್ರತಿ ಮಗುವಿಗೆ ಅರ್ಧ ಪುಟ ಬಿಡಿ. ಮೇಲೆ ಹೆಸರು, ಮನೆಮಾತು, ಊರು. ಹೆಸರನ್ನು ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆ ಕನ್ನಡದಲ್ಲಿ ಬರೆದುಕೊಳ್ಳಿ. ಮುಂದೆ ಮೈಕಿನಲ್ಲಿ ಕೂಗುವಾಗ ಇದು ಬೇಕಾಗುತ್ತದೆ. ಸರ್ಟಿಫಿಕೇಟಿಗೆ ಮಾತ್ರ ದಾಖಲಾತಿಯಲ್ಲಿರುವ ಹೆಸರನ್ನೇ ಹಾಕಿ.

ಸಾಧನೆ ಅಂತ ಏನು ಬರೆಯಬೇಕು

ಡಿಸೆಂಬರ್ ಬರುವಷ್ಟರಲ್ಲಿ ಆ ಪುಸ್ತಕದಲ್ಲಿ ಒಂದು ಮಗುವಿನ ಜಾಗವೂ ಖಾಲಿ ಇರಬಾರದು. ಇದೊಂದೇ ನಿಯಮ. 'ಒಳ್ಳೆ ಹುಡುಗಿ', 'ಶಿಸ್ತಿನ ಹುಡುಗ' ಅಂತ ಬರೆದರೆ ಬರೆಯದೇ ಇದ್ದ ಹಾಗೇ. ಏನು ಮಾಡಿದಳು, ಯಾವಾಗ ಮಾಡಿದಳು, ಮೊದಲು ಹೇಗಿದ್ದಳು, ಇದು ಬರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಎಂಟನೇ ಕ್ಲಾಸಿಗೆ ಬಿಹಾರದಿಂದ ಬಂದ ಹುಡುಗಿ. ಕನ್ನಡ ಅಕ್ಷರ ಒಂದೂ ಗೊತ್ತಿರಲಿಲ್ಲ. ಕ ಖ ಗ ಘ ಕ್ರಮ ದೇವನಾಗರಿಯಲ್ಲೂ ಅದೇ ಅಲ್ವಾ, ಹಾಗಾಗಿ ಎರಡೂ ಲಿಪಿಯನ್ನು ಅಕ್ಕಪಕ್ಕ ಬರೆದುಕೊಟ್ಟರೆ ಇಂಥ ಮಕ್ಕಳು ಮೂಲಾಕ್ಷರ ಬೇಗ ಹಿಡಿಯುತ್ತಾರೆ. ಕಷ್ಟ ಬರುವುದು ಆಮೇಲೆ. ಹಿಂದಿಯಲ್ಲಿ ಎ-ಏ, ಒ-ಓ ಅಂತ ಬೇರೆ ಬೇರೆ ಇಲ್ಲ. 'ಎಲೆ'ಯೂ 'ಏಳು' ಥರ ಉದ್ದ ಆಗುತ್ತದೆ. ಒತ್ತಕ್ಷರ ಇನ್ನೂ ಕಷ್ಟ. ಅಲ್ಲಿ ಅರ್ಧ ಅಕ್ಷರ ಪಕ್ಕದಲ್ಲಿ ಬರುತ್ತದೆ, ನಮ್ಮಲ್ಲಿ ಕೆಳಗೆ. ಅವಳು ತಿಂಗಳುಗಟ್ಟಲೆ 'ಅಮ್ಮ'ವನ್ನು 'ಅಮ್‌ಮ' ಅಂತಲೇ ಬರೆದಳು. ನವೆಂಬರ್‌ನಲ್ಲಿ ಒಂದು ದಿನ ಬೋರ್ಡಿಗೆ ಬಂದು ಚಾಕ್‌ಪೀಸ್ ತಗೊಂಡು 'ಅಕ್ಕ, ಅಣ್ಣ, ಅಮ್ಮ, ಅಪ್ಪ' ಅಂತ ನಾಲ್ಕೂ ಸರಿಯಾಗಿ ಬರೆದು, ಒತ್ತಿನ ಕೆಳಗೆ ಒಂದೊಂದು ಗೆರೆ ಎಳೆದು, ನನ್ನ ಕಡೆ ತಿರುಗಿ ನೋಡಿದಳು. ಆ ಸಂಜೆಯೇ ಪುಸ್ತಕದಲ್ಲಿ ಬರೆದೆ. ತಾರೀಖು ಹಾಕಿ ಬರೆದೆ.

ತಮಿಳು ಮಕ್ಕಳ ಕಷ್ಟ ಬೇರೆ. ಅವರ ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತೆಲುಗು ಮಕ್ಕಳಿಗೆ ಲಿಪಿ ಹತ್ತಿರ, ಓದು ಬೇಗ ಬರುತ್ತದೆ. ಎಲ್ಲರನ್ನೂ 'ಕನ್ನಡ ಬಾರದವರು' ಅಂತ ಒಂದೇ ಬೆಂಚಿಗೆ ತಳ್ಳಿದರೆ ಯಾರು ಎಲ್ಲಿಂದ ಎಲ್ಲಿಗೆ ಬಂದರು ಅಂತ ಕಾಣುವುದೇ ಇಲ್ಲ.

ಕನ್ನಡ ಕಲಿತಿದ್ದು ಮಾತ್ರ ಸಾಧನೆ ಅಲ್ಲ. ಹೊಸದಾಗಿ ಸೇರಿದ ನೇಪಾಳಿ ಹುಡುಗನ ಜೊತೆ ಒಂದು ತಿಂಗಳು ಊಟಕ್ಕೆ ಕೂತವನ ಹೆಸರೂ ಬರಲಿ. ಬೆಳಿಗ್ಗೆ ತಮ್ಮನನ್ನು ಅಂಗನವಾಡಿಗೆ ಬಿಟ್ಟು, ಒಂದು ದಿನವೂ ತಡ ಮಾಡದೆ ಬಂದವಳದ್ದೂ ಬರಲಿ. ಲಂಬಾಣಿಗೆ ತನ್ನದೇ ಲಿಪಿ ಇಲ್ಲ. ಅಜ್ಜಿ ಹೇಳಿದ ಕಥೆಯನ್ನು ಕನ್ನಡ ಲಿಪಿಯಲ್ಲಿ ಲಂಬಾಣಿಯಲ್ಲೇ ಬರೆದು ತಂದ ಹುಡುಗಿಯೊಬ್ಬಳಿದ್ದಳು, ನನ್ನ ಮಟ್ಟಿಗೆ ಅದು ಆ ವರ್ಷದ ದೊಡ್ಡ ಸಾಧನೆ.

ಸರ್ಕಾರದ ಸ್ಪರ್ಧೆಗಳನ್ನೂ ಬಿಡಬೇಡಿ. ಪ್ರತಿಭಾ ಕಾರಂಜಿ ಕ್ಲಸ್ಟರ್ ಮಟ್ಟದಿಂದ ಶುರುವಾಗಿ ತಾಲೂಕು, ಜಿಲ್ಲೆ, ರಾಜ್ಯದ ತನಕ ಹೋಗುತ್ತದೆ. ಅದರಲ್ಲಿ ಕಂಠಪಾಠ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಅಲ್ಲ, ಉರ್ದು, ತಮಿಳು, ತೆಲುಗು, ಮರಾಠಿಯಂಥ ಭಾಷೆಗಳಲ್ಲೂ ಇರುತ್ತದೆ. ಆ ವರ್ಷದ ಸುತ್ತೋಲೆ ಪೂರ್ತಿ ಓದಿ. ಎಷ್ಟೋ ಶಾಲೆಗಳು ಆ ಜಾಗವನ್ನು ಖಾಲಿ ಬಿಡುತ್ತವೆ, ಆದರೆ ಆ ಭಾಷೆ ಮಾತಾಡುವ ಮಗು ಅಲ್ಲೇ ಮೂರನೇ ಬೆಂಚಿನಲ್ಲಿ ಕೂತಿರುತ್ತದೆ.

ಎನ್‌ಎಂಎಂಎಸ್ ಪರೀಕ್ಷೆಗೆ, ಅಂದರೆ ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆಗೆ, ಎಂಟನೇ ಕ್ಲಾಸಿನವರನ್ನು ಕೂರಿಸಲೇಬೇಕು. ಪಾಸಾಗಿ ಪಟ್ಟಿಯಲ್ಲಿ ಹೆಸರು ಬಂದರೆ ಒಂಬತ್ತರಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ಮನೆಯ ವರ್ಷದ ಆದಾಯ 3.5 ಲಕ್ಷ ದಾಟಿರಬಾರದು, ಏಳನೇ ಕ್ಲಾಸಿನಲ್ಲಿ 55% ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 50% ಸಾಕು. ಪತ್ರಿಕೆ ಎರಡು, ಒಂದೊಂದರಲ್ಲಿ 90 ಪ್ರಶ್ನೆ. ಓದಿಸುವುದಕ್ಕಿಂತ ಕಾಗದಪತ್ರ ಹೊಂದಿಸುವುದೇ ದೊಡ್ಡ ಕೆಲಸ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಜುಲೈನಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ತಿದ್ದಿಸಿ. ಪ್ರತಿ ವರ್ಷ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ನವೀಕರಣ ಮಾಡಬೇಕು ಅನ್ನುವುದನ್ನು ಮನೆಯವರಿಗೆ ಅವರ ಭಾಷೆಯಲ್ಲೇ ತಿಳಿಸಿ. ಹಾಗೇ ಮಕ್ಕಳ ವಿಜ್ಞಾನದ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ನಡೆಸುವ ಇನ್‌ಸ್ಪೈರ್ ಮಾನಕ್ ಯೋಜನೆಗೆ ಮಕ್ಕಳ ಐಡಿಯಾ ಕಳಿಸಿ, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ.

ದಿನ ಯಾವುದು ಇಡಬೇಕು

ಇದರಲ್ಲಿ ನಾನು ಎಡವಿದ್ದೇನೆ. ಒಂದು ವರ್ಷ ಸಂಕ್ರಾಂತಿ ವಾರದಲ್ಲಿ ಇಟ್ಟೆವು. ಎಳ್ಳು-ಬೆಲ್ಲ, ಪೊಂಗಲ್, ಎಲ್ಲರ ಹಬ್ಬ, ಚೆನ್ನಾಗಿರುತ್ತದೆ ಅಂದುಕೊಂಡೆವು. ಎರಡು ದಿನ ಮುಂಚೆ ಒಬ್ಬ ತಾಯಿ ಬಂದು 'ಅಕ್ಕೋರ, ಮಲ್ಲಯ್ಯನ ಜಾತ್ರಿಗಿ ಹೊಂಟೀವ್ರಿ' ಅಂದರು. ಯಾದಗಿರಿಯ ಮೈಲಾಪುರದ ಜಾತ್ರೆ ಸಂಕ್ರಾಂತಿಗೇ ಬರುತ್ತದೆ, ನನಗೆ ಗೊತ್ತಿರಲಿಲ್ಲ. ಅವರ ಹಿಂದೆ ಇನ್ನೂ ಹಲವರು ಹೊರಟರು. ಕೋಲಾಟದ ತಂಡದಲ್ಲಿ ಉಳಿದವರು ಐದೇ ಜನ. ಈಗ ದಿನ ಗೊತ್ತು ಮಾಡುವ ಮುಂಚೆ ಪ್ರತಿ ಕ್ಲಾಸಿನಲ್ಲಿ ಕೇಳುತ್ತೇವೆ, ಯಾರು ಯಾವಾಗ ಊರಿಗೆ ಹೋಗುತ್ತಾರೆ ಅಂತ. ರಂಜಾನ್ ಉಪವಾಸದ ತಿಂಗಳು ಬಿಡಿ, ಕ್ರಿಸ್‌ಮಸ್ ಪಕ್ಕದ ಭಾನುವಾರವೂ ಬೇಡ. ಫೆಬ್ರವರಿಗೆ ಹೋದರೆ ಹತ್ತನೆಯವರಿಗೆ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ. ನಮಗೆ ಸರಿಹೊಂದಿದ್ದು ಡಿಸೆಂಬರ್ ಮೊದಲ ಎರಡು ಭಾನುವಾರ.

ಭಾನುವಾರವೇ ಯಾಕೆ ಅಂದರೆ, ಬೇರೆ ದಿನ ಬಂದರೆ ಗಾರೆ ಕೆಲಸದವರಿಗೆ ಆ ದಿನದ ಕೂಲಿ ಹೋಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ರಜೆ ಕೇಳುವುದು ಸುಲಭವಲ್ಲ. ಬೆಳಿಗ್ಗೆ 10ಕ್ಕೆ ಶುರು ಮಾಡಿ, 1 ಗಂಟೆಗೆ ಊಟಕ್ಕೆ ಬಿಡಿ. 'ಈ ತಂದೆ-ತಾಯಿಗೆ ಮಕ್ಕಳ ಬಗ್ಗೆ ಆಸಕ್ತಿಯೇ ಇಲ್ಲ' ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಭಾನುವಾರ ಇಟ್ಟ ವರ್ಷ ಕೂರಲು ಜಾಗ ಸಾಲದೆ ಜನ ಕಾಂಪೌಂಡ್ ಪಕ್ಕ ನಿಂತಿದ್ದರು.

ಸಂಕ್ರಾಂತಿಯನ್ನು ಕ್ಲಾಸಿನೊಳಗೇ ಮಾಡಿಕೊಳ್ಳಿ, ರಜೆಯ ಹಿಂದಿನ ದಿನ. ಮೇಜಿನ ಮೇಲೆ ಒಂದು ಪೇಪರ್ ಹಾಸಿದರೆ ಸಾಕು. ಕೊಬ್ಬರಿ ಹೆಚ್ಚಿ ಹಾಕಿದ ಎಳ್ಳು-ಬೆಲ್ಲ, ಉತ್ತರ ಕರ್ನಾಟಕದ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮತ್ತು ಕುಸುರೆಳ್ಳು, ಬಿಹಾರದ ಮನೆಯಿಂದ ಎಳ್ಳಿನ ಸಿಹಿ ತಿಲ್‌ಕುಟ್, ತಮಿಳು ಮನೆಯಿಂದ ಕಬ್ಬಿನ ತುಂಡು.

ಕರೆಯುವುದು, ಕೂರಿಸುವುದು

ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಹಂಚಿದರೆ ಓದಲು ಬಾರದ ಮನೆಗೆ ಅದು ತಲುಪುವುದಿಲ್ಲ. ಮಕ್ಕಳಿಂದಲೇ ವಾಯ್ಸ್ ಮೆಸೇಜ್ ಮಾಡಿಸಿ. ಒಂದೊಂದು ಭಾಷೆಗೆ ಒಬ್ಬೊಬ್ಬರು, ಅರ್ಧ ನಿಮಿಷ: ಯಾವ ದಿನ, ಎಷ್ಟು ಗಂಟೆಗೆ, ನಿಮ್ಮ ಮಗುವಿಗೆ ಬಹುಮಾನ ಇದೆ, ಊಟ ಇದೆ. ವಾಟ್ಸಾಪ್ ಗುಂಪಿಗೆ ಎಲ್ಲವನ್ನೂ ಹಾಕಿ. ತನ್ನ ಭಾಷೆಯಲ್ಲಿ ಶಾಲೆಯಿಂದ ಕರೆ ಬಂದಿದ್ದನ್ನು ಒಬ್ಬ ಅಪ್ಪ ಲೇಬರ್ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿದರಂತೆ, ಆ ಶೆಡ್ಡಿನಿಂದ ನಾಲ್ಕು ಹೊಸ ಮಕ್ಕಳು ಶಾಲೆಗೆ ಸೇರಿದರು.

ಕಾರ್ಯಕ್ರಮದ ಭಾಷೆ ಕನ್ನಡವೇ ಇರಲಿ. ಎಲ್ಲರನ್ನೂ ಸೇರಿಸುವ ಮಾತು ಅದೇ. ಆದರೆ ಎರಡನೇ ಮೈಕ್ ಒಂದಿರಲಿ, ಒಬ್ಬ ಹುಡುಗ ಅಥವಾ ಹುಡುಗಿ ಮುಖ್ಯವಾದದ್ದನ್ನು ಮಾತ್ರ ಇನ್ನೊಂದು ಭಾಷೆಯಲ್ಲಿ ಒಂದೇ ಸಾಲಿನಲ್ಲಿ ಹೇಳಲಿ. ಪ್ರತಿ ಮಾತನ್ನೂ ಐದು ಭಾಷೆಗೆ ಮಾಡಲು ಹೋದರೆ ಮಧ್ಯಾಹ್ನ ಆಗುತ್ತದೆ. ಅತಿಥಿಗಳ ಭಾಷಣ ಐದು ನಿಮಿಷ, ಮುಂಚೆಯೇ ವಿನಯದಿಂದ ಹೇಳಿಬಿಡಿ.

ಕುಣಿತದ ವಿಷಯದಲ್ಲಿ ಒಂದು ಎಚ್ಚರ. ಲಂಬಾಣಿ ಹುಡುಗಿ ಅಂದ ಕೂಡಲೇ ಲಂಬಾಣಿ ಉಡುಪು ಹಾಕಿಸಿ ಕುಣಿಸುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಅವಳಿಗೆ ಇಷ್ಟವೋ ಇಲ್ಲವೋ ಕೇಳಿ. ಒಬ್ಬಳು ನನಗೆ ನೇರವಾಗಿ ಹೇಳಿದಳು, 'ಮಿಸ್, ನಾನು ಕ್ವಿಜ್ ಮಾಡ್ತೀನಿ'. ಮಾಡಿದಳು, ಚೆನ್ನಾಗಿಯೇ ಮಾಡಿದಳು. ಎಲ್ಲರನ್ನೂ ಬೆರೆಸಲು ಕೋಲಾಟದಷ್ಟು ಒಳ್ಳೆಯದು ಇನ್ನೊಂದಿಲ್ಲ. ತೆಲುಗರಲ್ಲಿ, ತಮಿಳರಲ್ಲೂ ಕೋಲಾಟ ಇದೆ, ಉತ್ತರದವರಿಗೆ ದಾಂಡಿಯಾ ಗೊತ್ತು. ಕೋಲು ಹಿಡಿಯಲು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೋಡಿ ಮಾಡುವಾಗ ಮಾತ್ರ ಬೇರೆ ಬೇರೆ ಮನೆಮಾತಿನವರನ್ನು ಎದುರುಬದುರು ನಿಲ್ಲಿಸಿ.

ಬಹುಮಾನಕ್ಕೆ ದುಡ್ಡು ಜಾಸ್ತಿ ಬೇಡ. ಒಂದು ಪೆನ್ನು, ಜೊತೆಗೆ ಪುಸ್ತಕದಲ್ಲಿ ಬರೆದ ಆ ಸಾಲುಗಳಿರುವ ಒಂದು ಹಾಳೆ. ಮೈಕಿನಲ್ಲಿ ಆ ಸಾಲುಗಳನ್ನು ಪೂರ್ತಿ ಓದಿ. ಮಕ್ಕಳು ಜಾಸ್ತಿ ಇದ್ದರೆ ಎಲ್ಲರನ್ನೂ ಮುಖ್ಯ ವೇದಿಕೆಗೆ ಕರೆಯಲು ಆಗುವುದಿಲ್ಲ, ಹಾಗಿದ್ದಾಗ ಮೊದಲ ಒಂದು ಗಂಟೆ ಕ್ಲಾಸ್ ರೂಮುಗಳಲ್ಲೇ ಇದನ್ನು ಮಾಡಿ ಆಮೇಲೆ ಮೈದಾನಕ್ಕೆ ಬನ್ನಿ. ಕೊಡುವುದನ್ನು ಅತಿಥಿಗಳ ಕೈಯಿಂದ ಬೇಡ, ಅಪ್ಪ-ಅಮ್ಮನ ಕೈಯಿಂದ ಕೊಡಿಸಿ. ಒತ್ತಕ್ಷರ ಕಲಿತ ಆ ಹುಡುಗಿಯ ತಾಯಿ ಮುಂದೆ ಬರಲು ಒಪ್ಪಲೇ ಇಲ್ಲ, ಸೆರಗು ಎಳೆದುಕೊಂಡು ಬಾಗಿಲಲ್ಲೇ ನಿಂತಿದ್ದರು. ಮಗಳು ಹೋಗಿ ಕೈ ಹಿಡಿದು ಕರೆದುಕೊಂಡು ಬಂದಳು. ಹಾಳೆ ಕೈಗೆ ಬಂದ ಮೇಲೆ ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಗಳು ಕನ್ನಡದಲ್ಲಿ ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿ, ಭೋಜಪುರಿಯಲ್ಲಿ ಅರ್ಥ ಹೇಳಿದಳು.

ಊಟಕ್ಕೆ ಪಲಾವ್, ಮೊಸರನ್ನ ಸಾಕು. ಬಿಸಿಯೂಟದ ಅಕ್ಕಂದಿರನ್ನೂ ವೇದಿಕೆಗೆ ಕರೆದು ನಾಲ್ಕು ಮಾತು ಆಡಿ, ಯಾವ ಮಗು ಊಟ ಬಿಟ್ಟಿದೆ ಅಂತ ಮೊದಲು ಗೊತ್ತಾಗುವುದು ಅವರಿಗೇ.

ಮುಗಿದ ಮೇಲೆ

ಫೋಟೋಗಳನ್ನು ತಂದೆ-ತಾಯಿಯ ಗುಂಪಿಗೆ ಮಾತ್ರ ಹಾಕಿ, ಹೊರಗೆ ಹಂಚುವ ಮುಂಚೆ ಅವರನ್ನು ಕೇಳಿ. ಪುಸ್ತಕವನ್ನು ಬೀರುವಿಗೆ ಹಾಕಿ ಮರೆಯಬೇಡಿ, ಮುಂದಿನ ಜೂನ್‌ನಲ್ಲಿ ಹೊಸ ಕ್ಲಾಸ್ ಟೀಚರ್ ಕೈಗೆ ಕೊಡಿ.

ನಮ್ಮಂಥ ಶಾಲೆಯಲ್ಲಿ ಕೆಲವು ಮಕ್ಕಳು ವರ್ಷ ಮುಗಿಯುವ ಮುಂಚೆಯೇ ಹೊರಟುಹೋಗುತ್ತಾರೆ. ಕಟ್ಟಡ ಮುಗಿದರೆ ಮೇಸ್ತ್ರಿ ಇನ್ನೊಂದು ಕಡೆ ಕರೆದುಕೊಂಡು ಹೋಗುತ್ತಾನೆ. ಟಿಸಿ ಕೇಳಲು ಬಂದಾಗ ಅದರ ಜೊತೆ ಪುಸ್ತಕದಲ್ಲಿರುವ ಆ ಮಗುವಿನ ಅರ್ಧ ಪುಟದ ಜೆರಾಕ್ಸ್ ಪ್ರತಿಯನ್ನೂ ಕೊಡಿ. ಮೂಲೆಯಲ್ಲಿ ಸ್ಯಾಟ್ಸ್ ನಂಬರ್ (ನಮ್ಮ ರಾಜ್ಯದ ದಾಖಲೆಯಲ್ಲಿ ಮಗುವಿಗಿರುವ ಗುರುತಿನ ಸಂಖ್ಯೆ) ಬರೆಯಿರಿ, ಬೇರೆ ರಾಜ್ಯಕ್ಕೆ ಹೋಗುವವರಿದ್ದರೆ ದೇಶದ ಶಾಲಾ ದಾಖಲೆಯಾದ ಯುಡೈಸ್‌ನಲ್ಲಿ ಮಗುವಿಗೆ ಕೊಟ್ಟಿರುವ ಕಾಯಂ ಸಂಖ್ಯೆ, ಅಂದರೆ ಪೆನ್ (PEN) ನಂಬರನ್ನೂ ಬರೆಯಿರಿ. ಹೊಸ ಶಾಲೆಯ ಟೀಚರ್ ಓದಲಿ ಅಂತ ಕನ್ನಡದ ಕೆಳಗೆ ಎರಡು ಸಾಲು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಸೇರಿಸಿ, ನಿಮ್ಮ ಸಹಿ ಹಾಕಿ, ಶಾಲೆಯ ಸೀಲ್ ಒತ್ತಿ ಕೊಡಿ.