ಹೋಟೆಲ್ ತೆರಿಗೆಗೆ ನಾನು ಹಾಕಿದ ವೋಟು

2020ರ ಅಕ್ಟೋಬರ್. ಸಾಂಟಾ ಕ್ಲಾರಾದ ನಮ್ಮ ಮನೆಗೆ ಅಂಚೆಯಲ್ಲಿ ಮತಪತ್ರ ಬಂತು. ಕೊರೊನಾ ಕಾಲ ಅಂತ ಆ ಸಲ ಕ್ಯಾಲಿಫೋರ್ನಿಯಾದ ಎಲ್ಲ ಮತದಾರರಿಗೂ ಮನೆಗೇ ಕಳಿಸಿದ್ದರು. ಅಧ್ಯಕ್ಷರ ಆಯ್ಕೆಗೆ ಅರ್ಧ ನಿಮಿಷ ಸಾಕಾಯ್ತು. ಆಮೇಲೆ ಜನರೇ ಹೌದು-ಇಲ್ಲ ಹೇಳಬೇಕಾದ ರಾಜ್ಯದ 12 ಪ್ರಸ್ತಾಪಗಳು. ಊರಿನದ್ದು ಬೇರೆ. ಅದರಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದು ‘ಮೆಷರ್ ಇ’ ಅನ್ನೋ ಊರಿನ ಪ್ರಸ್ತಾಪದ ಹತ್ತಿರ. ಹೋಟೆಲ್ ತೆರಿಗೆಯನ್ನು ಶೇ 9.5ರಿಂದ ಶೇ 13.5ರವರೆಗೆ ಏರಿಸಬಹುದಾ ಅಂತ ಕೇಳಿದ್ದರು.

ಬೆಂಗಳೂರಲ್ಲಿ ರೂಮಿನ ಮೇಲೆ ಜಿಎಸ್‌ಟಿ ಎಷ್ಟಿರಬೇಕು ಅಂತ ನನ್ನನ್ನು ಯಾರೂ ಕೇಳಿದ್ದಿಲ್ಲ. ಬಿಲ್ಲಲ್ಲಿ ಬಂದಷ್ಟು ಕೊಟ್ಟು ಬರೋದು, ಅಷ್ಟೇ. ಇಲ್ಲಿ ಕೇಳುತ್ತಿದ್ದಾರೆ ಅಂದಮೇಲೆ ಸುಮ್ನೆ ಗುರುತು ಹಾಕೋಕೆ ಮನಸ್ಸಾಗಲಿಲ್ಲ.

ಆದರೂ ಮೊದಲು ಬಂದ ಯೋಚನೆ ಸಣ್ಣದೇ. ಕೊಡೋರು ಪರವೂರಿನವರು, ನಮಗೇನು? ನನ್ನ ಹೆಂಡತಿ ಕೇಳಿದಳು: “ನಿಮ್ಮಕ್ಕ-ಭಾವ ಬಂದ್ರೆ ಎಲ್ಲಿ ಇಳೀತಾರೆ? ಈ ಎರಡು ರೂಮಿನ ಮನೇಲಾ?”

ಹಳೇ ಲಕೋಟೆಯ ಹಿಂದೆ ಲೆಕ್ಕ ಹಾಕಿದೆ. 150 ಡಾಲರ್ ರೂಮಿಗೆ ಆಗಿನ ತೆರಿಗೆ 14.25. ಪೂರ್ತಿ ಏರಿಸಿದರೆ 20.25. ರಾತ್ರಿಗೆ 6 ಡಾಲರ್ ಜಾಸ್ತಿ. ಹತ್ತಿರದ ಪಾಲೊ ಆಲ್ಟೊ ಊರಿನಲ್ಲಿ 2018ರಲ್ಲೇ ಶೇ 15.5ಕ್ಕೆ ಜನ ಒಪ್ಪಿದ್ದರು. ಹಾಗಂತ ಅಲ್ಲಿಗೆ ಯಾರೂ ಹೋಗೋದು ಬಿಟ್ಟಂತೆ ಕಾಣಲಿಲ್ಲ.

ನನ್ನನ್ನು ಕಾಡಿದ್ದು ದುಡ್ಡಲ್ಲ, ಒಂದು ಪದ. ಮತಪತ್ರದ ಪ್ರಶ್ನೆ 75 ಪದ ಮೀರುವ ಹಾಗಿಲ್ಲ, ಅದರಲ್ಲೇ ನಗರ ಸೇವೆಗಳ ಹೆಸರುಗಳನ್ನು ಚೆನ್ನಾಗಿ ಪೋಣಿಸಿರುತ್ತಾರೆ. ಆದರೆ ಇದು ‘ಸಾಮಾನ್ಯ’ ತೆರಿಗೆ. ಅಂದ್ರೆ ಹಣ ನೇರ ನಗರದ ಸಾಮಾನ್ಯ ನಿಧಿಗೆ. ಯಾವುದಕ್ಕೆ ಎಷ್ಟು ಅನ್ನೋದು ನಗರ ಕೌನ್ಸಿಲ್‌ಗೆ ಬಿಟ್ಟಿದ್ದು. ಇಂಥದ್ದಕ್ಕೆ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಿದ್ದರೆ ಸಾಕು. ಹಣ ಇಂಥ ಕೆಲಸಕ್ಕೇ ಅಂತ ಬರೆದುಕೊಟ್ಟು ನಗರವೇ ತರುವ ತೆರಿಗೆಗೆ ಮೂರರಲ್ಲಿ ಎರಡು ಪಾಲು ಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊದ ಹೋಟೆಲ್ ತೆರಿಗೆಗೆ ಸುಮಾರು ಶೇ 65 ಹೌದು ಬಿತ್ತು. ಅದನ್ನು ತಂದಿದ್ದು ನಗರವಲ್ಲ, ನಾಗರಿಕರು; ಹಾಗಾಗಿ ಅಷ್ಟು ಸಾಕಾ ಸಾಲದಾ ಅಂತ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಟ. ವಸೂಲಿ ಶುರುವಾಗಿದ್ದು 2025ರ ಮೇನಲ್ಲಿ!

ಸಾಮಾನ್ಯ ತೆರಿಗೆಯ ಸುಲಭದ ದಾರಿ ಅಂದ್ರೆ ಕೌನ್ಸಿಲ್ ಕೈಗೆ ಖಾಲಿ ಚೆಕ್ ಕೊಟ್ಟ ಹಾಗೆ, ಅಲ್ವಾ? ಎರಡು ದಿನ ಮತಪತ್ರ ಊಟದ ಮೇಜಿನ ಮೇಲೇ ಬಿದ್ದಿತ್ತು. ಅದರ ಮೂಲೆಗೆ ಸಾರಿನ ಕಲೆ ಬೇರೆ. ಆ ವರ್ಷ ನಮ್ಮೂರಿನ ಲೀವೈಸ್ ಸ್ಟೇಡಿಯಂನಲ್ಲಿ ಪ್ರೇಕ್ಷಕರೇ ಇಲ್ಲ, ಹೋಟೆಲುಗಳು ಭಣಭಣ. ಖಾಲಿ ರೂಮಿಗೆ ಎಷ್ಟು ಪರ್ಸೆಂಟ್ ಹಾಕಿದರೂ ಸೊನ್ನೆಯೇ. ಆದರೆ ನಾವು ದಿನಾ ಸಂಜೆ ಮಗನನ್ನು ಕರೆದೊಯ್ಯುವ ಪಾರ್ಕಿನ ಹುಲ್ಲು ಕತ್ತರಿಸೋಕೂ ದುಡ್ಡು ಎಲ್ಲಿಂದಲಾದರೂ ಬರಬೇಕಲ್ಲ. ಕೊನೆಗೆ ಹೌದು ಅಂತಲೇ ಗುರುತು ಹಾಕಿದೆ. ಲಕೋಟೆಗೆ ಸಹಿ ಮಾಡಿ ಡ್ರಾಪ್ ಬಾಕ್ಸಿಗೆ ಹಾಕಿ ಬಂದೆ. ಮೆಷರ್ ಗೆದ್ದಿತು.

ಆಮೇಲೊಂದು ಬೇಸಿಗೆಯಲ್ಲಿ ಅಕ್ಕ-ಭಾವ ಬಂದರು. ನಾಲ್ಕು ರಾತ್ರಿ ಹೋಟೆಲ್ಲು. ಹೊರಡುವ ದಿನ ಭಾವ ಕನ್ನಡಕ ಹಣೆಗೇರಿಸಿ ಬಿಲ್ಲಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಏನಪ್ಪಾ ಇದು, ಇಷ್ಟೊಂದು ತೆರಿಗೆ? ಯಾರು ಹಾಕಿದ್ದು?”

“ಊರಿನವರು ಭಾವ” ಅಂದು ನನ್ನ ಕಾರ್ಡ್ ಕೊಟ್ಟೆ. ಹೆಂಡತಿ ಕಿಟಕಿ ಕಡೆ ತಿರುಗಿ ನಗುತ್ತಿದ್ದಳು.