ಮೊದಲ ಕೌದಿ: ಮೂರೂ ಮುಕ್ಕಾಲು ಇಂಚು ಎಲ್ಲಿ ಹೋಯಿತು?

5 ಇಂಚಿನ ಚೌಕ, ಸಾಲಿಗೆ ಆರು. ಅಗಲ 30 ಇಂಚು ಬರಬೇಕು ಅಲ್ವಾ? ನನ್ನ ಮೊದಲ ಕೌದಿಗೆ ಟೇಪು ಹಿಡಿದರೆ 26 ಕಾಲು. ಒಂದು ಸಾಲು ಮಾತ್ರ 27 ಇತ್ತು. ಅದನ್ನು ಪಕ್ಕದ ಸಾಲಿಗೆ ಸೇರಿಸಲು ಎಳೆದಾಡಿದ್ದೇ ಬಂತು, ಮೂಲೆಗಳು ಕೂಡಲೇ ಇಲ್ಲ.

ಮೊದಲ ತಪ್ಪು ಲೆಕ್ಕದ್ದು. ಅಂಚಿನಲ್ಲಿ ಕಾಲಿಂಚು ಬಿಟ್ಟು ಹೊಲಿದರೆ, ಎರಡೂ ಚೌಕದಿಂದ ಸೇರಿ ಪ್ರತಿ ಜೋಡಣೆ ಅರ್ಧ ಇಂಚು ನುಂಗುತ್ತದೆ. ಆರು ಚೌಕಕ್ಕೆ ಐದು ಜೋಡಣೆ. ಎರಡೂವರೆ ಇಂಚು ಅಲ್ಲೇ ಹೋಯಿತು. ಉಳಿದ ಒಂದೂಕಾಲು ಇಂಚು ನನ್ನ ಕೈಯ ತಪ್ಪು. ಕಾಲಿಂಚು ಎಂದುಕೊಂಡು ಹೊಲಿದದ್ದು ಅರೆಕಾಲು ಇಂಚು ಜಾಸ್ತಿಯಾಗಿತ್ತು. ಸುಮಾರು 3 ಮಿಲಿಮೀಟರ್, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಹೊಲಿಯುವ ಮೊದಲು ಹೀಗೆ ಮಾಡಿ. ಮಷಿನ್ನಿನ ಸೂಜಿಯಿಂದ ಬಲಕ್ಕೆ ಕಾಲಿಂಚು ಅಳೆದು, ಅಲ್ಲಿ ನಾಲ್ಕೈದು ಪದರ ಅಂಟುಪಟ್ಟಿ ಹಚ್ಚಿ. ಬಟ್ಟೆಯ ಅಂಚು ಆ ಗೋಡೆಗೆ ತಾಗಿಕೊಂಡೇ ಸಾಗಬೇಕು. ಮೂರು ರದ್ದಿ ಚೌಕ ಹೊಲಿದು ಇಸ್ತ್ರಿ ಮಾಡಿ, ನಡುವಿನದನ್ನು ಅಳೆಯಿರಿ. ಸರಿಯಾಗಿ ನಾಲ್ಕೂವರೆ ಇಂಚು ಬಂದರೆ ಮುಂದುವರಿಯಿರಿ. ಬರದಿದ್ದರೆ ಪಟ್ಟಿ ಸರಿಸಿ.

ಬಟ್ಟೆ ಆರಿಸುವುದು ಇದಕ್ಕೂ ಮುಂಚಿನ ಕೆಲಸ. ಹಳೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಸವೆದ ಜಾಗ ಬಿಡಿ. ಹತ್ತಿಯ ಜೊತೆ ಟೆರಿಕಾಟ್ ಬೆರೆಸಬೇಡಿ; ತೊಳೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಕೆಂಪು, ಕಡುನೀಲಿ ಬಟ್ಟೆಗೆ ಒದ್ದೆ ಬಿಳಿ ಚಿಂದಿ ಉಜ್ಜಿ ಬಣ್ಣ ಬಿಡುತ್ತದಾ ನೋಡಿ. ಕತ್ತರಿಸಲು ಲಗ್ನಪತ್ರಿಕೆಯ ರಟ್ಟಿನ ಅಚ್ಚು ಸಾಕು. ಆದರೆ ನೂಲಿನ ಗೆರೆಗೆ ನೇರವಾಗಿಯೇ ಇಡಿ. ಓರೆಯಾಗಿ ಕತ್ತರಿಸಿದ ಅಂಚು ಹೊಲಿಯುವಾಗ ಹಿಗ್ಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನೂ ಎತ್ತಿ ಎತ್ತಿ ಒತ್ತಿ, ಉಜ್ಜಬೇಡಿ.

ನನಗೆ ಹೆಚ್ಚು ಕಾಡಿದ್ದು ಪದರ ಸೇರಿಸುವ ಹಂತ. ಕೆಳಗೆ ಸೀರೆ, ನಡುವೆ ಹಳೆ ಬೆಡ್‌ಶೀಟು, ಮೇಲೆ ಚೌಕಗಳು. ಅಂಚಿನಿಂದ ಹೊಲಿಯುತ್ತ ಬಂದೆ. ನಡುವೆ ಬಟ್ಟೆ ಪೂರಿಯಂತೆ ಉಬ್ಬಿ ನಿಂತಿತು! ಜೋಡಿಸಿ ಮುಗಿಸಿದ ಮೇಲ್ಪದರವನ್ನು ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರುತ್ತ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಆಮೇಲೆ ಸಣ್ಣ ಹೊಲಿಗೆ.

ಆದರೆ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿಯನ್ನು, ಅಂದರೆ ತಮ್ಮ ಕೌದಿಯನ್ನು, ಅಂಚಿನಿಂದಲೇ ಶುರು ಮಾಡುತ್ತಾರಲ್ಲ? ಅವರಿಗೇಕೆ ಉಬ್ಬುವುದಿಲ್ಲ? ಅವರು ಮೇಲ್ಪದರವನ್ನು ಮೊದಲೇ ಜೋಡಿಸಿಕೊಳ್ಳುವುದೇ ಇಲ್ಲ. ಒಂದು ತುಂಡಿನ ಅಂಚು ಮಡಚಿ ಇಡುತ್ತಾರೆ, ಹೊಲಿಯುತ್ತಾರೆ, ಅದರ ಪಕ್ಕ ಮತ್ತೊಂದು. ಹೀಗೆ ಸುತ್ತುತ್ತ ಒಳಗೆ ಬರುತ್ತಾರೆ. ಸಣ್ಣ ವ್ಯತ್ಯಾಸವನ್ನು ಮುಂದಿನ ತುಂಡೇ ಸರಿಪಡಿಸುತ್ತದೆ. ಅಳತೆಯ ಕಾಟ ಬೇಡ ಎನ್ನುವವರಿಗೆ ನನ್ನ ಮತ ಈ ದಾರಿಗೇ.

ಇನ್ನು ಬಿಚ್ಚುವ ವಿಷಯ. ಹೊಲಿಗೆ ಅಂಚಿಗೆ ತೀರಾ ಹತ್ತಿರ ಹೋಗಿದ್ದರೆ ಬಿಚ್ಚಲೇಬೇಕು, ಎರಡು ಒಗೆತಕ್ಕೆ ಬಾಯಿ ಬಿಡುತ್ತದೆ. ಮೂಲೆ ಕಾಳಿನಷ್ಟು ಜಾರಿದ್ದರೆ ಬಿಟ್ಟುಬಿಡಿ. ಪದೇ ಪದೇ ಬಿಚ್ಚಿದ ಬಟ್ಟೆಯ ಎಳೆ ಸಡಿಲವಾಗುತ್ತದೆ. ನನ್ನ 26 ಕಾಲಿಂಚಿನ ಕೌದಿಯಲ್ಲಿ ಒಂದು ಚೌಕದ ಒಳಮೈ ಮೇಲೆ ಬಂದಿದೆ. ನಾನಾಗಿ ತೋರಿಸುವವರೆಗೆ ಮನೆಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ.